ನಾಲ್ಕು ಚಕ್ರಕ್ಕೂ ಹೈಡ್ರಾಲಿಕ್ ಮೋಟಾರು ಇದ್ದರೂ ಕೆಸರಿನಲ್ಲಿ ಒಂದೇ ಚಕ್ರ ಏಕೆ ತಿರುಗುತ್ತದೆ? ಇಂಜಿನ್ ನಿಂತರೆ ಸ್ಟಿಯರಿಂಗ್ ಗತಿಯೇನು?

ನೀವು ಕೊಳ್ಳಲು ಯೋಚಿಸಿರುವ ಎತ್ತರದ ಔಷಧ ಸಿಂಪಡಿಸುವ ಯಂತ್ರದ ಒಂದೊಂದು ಚಕ್ರಕ್ಕೂ ಪ್ರತ್ಯೇಕ ಹೈಡ್ರಾಲಿಕ್ ಮೋಟಾರು ಇದೆ. ಆದರೂ ಎರೆಮಣ್ಣಿನ ಕೆಸರಿನಲ್ಲಿ ಮುಂದಿನ ಒಂದು ಚಕ್ರ ಗಿರ್ರನೆ ಸುತ್ತಿ, ಉಳಿದ ಮೂರು ಅಲುಗದೆ ನಿಂತವು ಎಂದು ಬರೆದಿದ್ದೀರಿ. ಸ್ಟಿಯರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲದಿರುವಾಗ ಇಂಜಿನ್ ಆಫ್ ಆದರೆ ಏನು ಮಾಡುವುದೆಂದೂ ಕೇಳಿದ್ದೀರಿ. ಇಂಥ ಯಂತ್ರಗಳ ಹೈಡ್ರಾಲಿಕ್ ದುರಸ್ತಿಯೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಾಲನೆಯ ಭಾಗದಲ್ಲಿ ಎಣ್ಣೆ ಎಲ್ಲಿ ಸುಲಭವೋ ಅಲ್ಲಿಗೆ ತಾನಾಗಿ ಹರಿಯುತ್ತದೆ. ಸ್ಟಿಯರಿಂಗ್ ಭಾಗದಲ್ಲಿ ಅದನ್ನು ಅಳೆದು ಕಳಿಸಲಾಗುತ್ತದೆ. ನಿಮ್ಮ ಎರಡೂ ಸಂದೇಹಗಳಿಗೆ ಉತ್ತರ ಈ ವ್ಯತ್ಯಾಸದಲ್ಲಿದೆ.

ಮೊದಲು ಚಾಲನೆ. ಇಂಜಿನ್ನಿಗೆ ಜೋಡಿಸಿದ ಪಿಸ್ಟನ್ ಪಂಪಿನೊಳಗೆ ಓರೆಯಾಗಬಲ್ಲ ಒಂದು ತಟ್ಟೆಯಿರುತ್ತದೆ. ತಟ್ಟೆ ನೆಟ್ಟಗಿದ್ದಾಗ ಪಂಪು ಸುತ್ತಿದರೂ ಎಣ್ಣೆ ಹೊರಡುವುದಿಲ್ಲ; ಒಂದು ಕಡೆ ವಾಲಿಸಿದರೆ ಯಂತ್ರ ಮುಂದಕ್ಕೆ, ಇನ್ನೊಂದು ಕಡೆ ವಾಲಿಸಿದರೆ ಹಿಂದಕ್ಕೆ ಹೋಗುತ್ತದೆ. ಹೊರಟ ಎಣ್ಣೆ ಸಾಮಾನ್ಯವಾಗಿ ನಾಲ್ಕೂ ಮೋಟಾರುಗಳಿಗೆ ಸಮಾಂತರವಾಗಿ ಹಂಚಿಕೆಯಾಗುತ್ತದೆ, ಅಂದರೆ ಎಲ್ಲ ಮೋಟಾರುಗಳ ಮೇಲೂ ಒಂದೇ ಒತ್ತಡವಿರುತ್ತದೆ. ಯಂತ್ರ ತಿರುವಿನಲ್ಲಿರುವಾಗ ಇದು ದೊಡ್ಡ ಅನುಕೂಲ: ಹೊರಗಡೆಯ ಚಕ್ರ ಹೆಚ್ಚು ದೂರ ಉರುಳಬೇಕಾದ್ದರಿಂದ ಅದು ಹೆಚ್ಚು ಎಣ್ಣೆಯನ್ನು ತಾನೇ ಎಳೆದುಕೊಳ್ಳುತ್ತದೆ, ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಬೇಕಾಗುವುದೇ ಇಲ್ಲ.

ಕೆಸರಿನಲ್ಲಿ ಇದೇ ಗುಣ ಕೈಕೊಡುತ್ತದೆ. ಒಂದು ಸುತ್ತಿಗೆ 1 ಲೀಟರ್ ಎಣ್ಣೆ ಹಿಡಿಯುವ ಮೋಟಾರಿಗೆ 300 ಬಾರ್ ಒತ್ತಡ ಸಿಕ್ಕರೆ, ಸೋರಿಕೆ ಮತ್ತು ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಸುಮಾರು 4,770 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬರುತ್ತದೆ. ಆದರೆ ಒತ್ತಡ ಹುಟ್ಟುವುದು ಎದುರಿಗೆ ತಡೆ ಇದ್ದಾಗ ಮಾತ್ರ. ಹುದುಲಿನಲ್ಲಿರುವ ಚಕ್ರ 500 ನ್ಯೂಟನ್-ಮೀಟರಿಗೇ ಜಾರಿ ಸುತ್ತತೊಡಗಿದರೆ ಒತ್ತಡ ಸುಮಾರು 31 ಬಾರ್ ದಾಟಲಾರದು, ಉಳಿದ ಮೂರು ಚಕ್ರಗಳಿಗೆ ಸಿಗುವುದೂ ಅಷ್ಟೇ. ಗಟ್ಟಿ ನೆಲದ ಮೇಲಿದ್ದೂ ಅವು ಸುಮ್ಮನಿರುವುದು ಇದಕ್ಕಾಗಿ. 1.4 ಮೀಟರ್ ವ್ಯಾಸದ ಟೈರಿಗೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 38 ಲೀಟರ್ ಎಣ್ಣೆ ಬೇಕು, ನಾಲ್ಕಕ್ಕೂ ಸೇರಿ 152 ಲೀಟರ್. ಅಷ್ಟೂ ಎಣ್ಣೆ ಒಂದೇ ಚಕ್ರಕ್ಕೆ ಹರಿದಾಗ ಅದರ ಅಂಚು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಚಾಲಕರು ಆಗ ಇನ್ನಷ್ಟು ಆಕ್ಸಿಲರೇಟರ್ ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ; ಅದರಿಂದ ಒತ್ತಡ ಏರುವುದಿಲ್ಲ, ಗುಂಡಿ ಮಾತ್ರ ಆಳವಾಗುತ್ತದೆ.

ಪರಿಹಾರಗಳಿವೆ. ಮೂಲೆಗೆ ಮೂಲೆಯ ಎರಡು ಚಕ್ರಗಳ ಮೋಟಾರುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದರಿಂದ ಹೊರಬಂದ ಎಣ್ಣೆಯೇ ಇನ್ನೊಂದನ್ನು ತಿರುಗಿಸಬೇಕಾಗುತ್ತದೆ, ಆದ್ದರಿಂದ ಆ ಜೋಡಿಯಲ್ಲಿ ಒಂದು ಮಾತ್ರ ಸುತ್ತಲಾಗದು. ಆದರೆ ಒತ್ತಡವನ್ನು ಎರಡೂ ಹಂಚಿಕೊಳ್ಳುವುದರಿಂದ ಎಳೆತ ಕಡಿಮೆ. ಎಣ್ಣೆಯನ್ನು ಸಮನಾಗಿ ಪಾಲು ಮಾಡುವ ಫ್ಲೋ ಡಿವೈಡರ್ ವಾಲ್ವ್ ಹಾಕಿಸುವುದು ಇನ್ನೊಂದು ದಾರಿ. ನಿಮ್ಮ ಹೊಲದ ಸ್ಥಿತಿಗೆ ನಾನು ಇದನ್ನೇ ಸೂಚಿಸುತ್ತೇನೆ, ಆದರೆ ಬೇಕಾದಾಗ ಮಾತ್ರ ಹಾಕಿ ತೆಗೆಯುವ ಸ್ವಿಚ್ ಇರಲೇಬೇಕು. ಸದಾ ಚಾಲೂ ಇದ್ದರೆ ತಿರುವಿನಲ್ಲಿ ಚಕ್ರಗಳು ಒಂದನ್ನೊಂದು ಎಳೆದಾಡಿ ಟೈರು ಸವೆಯುತ್ತದೆ, ಎಣ್ಣೆಯೂ ಕಾಯುತ್ತದೆ.

ಇನ್ನು ಸ್ಟಿಯರಿಂಗ್. ಮೆಕ್ಯಾನಿಕ್‌ಗಳು ಆರ್ಬಿಟ್ರಾಲ್ ಎನ್ನುವ, ಸ್ಟಿಯರಿಂಗ್ ಕಂಬದ ಬುಡದಲ್ಲಿರುವ ಆ ಡಬ್ಬಿಯನ್ನು ಬಿಚ್ಚಿದರೆ ಏಳು ಉಬ್ಬುಗಳ ಉಂಗುರದೊಳಗೆ ಆರು ಹಲ್ಲಿನ ಒಂದು ಗಾಲಿ ಕಾಣುತ್ತದೆ. ನೀವು ತಿರುಗಿಸಿದಷ್ಟಕ್ಕೆ ಸರಿಯಾಗಿ ಅದು ಎಣ್ಣೆಯನ್ನು ಅಳೆದು ಸಿಲಿಂಡರಿಗೆ ಕಳಿಸುತ್ತದೆ. ಒಂದು ಸುತ್ತಿಗೆ 160 ಘನ ಸೆಂಟಿಮೀಟರ್ ಕೊಡುವ ಘಟಕವಾಗಿದ್ದು, ಸಿಲಿಂಡರಿಗೆ 640 ಬೇಕಿದ್ದರೆ, ಚಕ್ರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬರಲು ಸ್ಟಿಯರಿಂಗನ್ನು ನಾಲ್ಕು ಸುತ್ತು ತಿರುಗಿಸಬೇಕು. ಕೈ ನಿಂತೊಡನೆ ಪಟ್ಟಿ ಸ್ಪ್ರಿಂಗುಗಳು ಒಳಗಿನ ವಾಲ್ವನ್ನು ನಡುವೆ ತಂದು ಎಣ್ಣೆಯ ದಾರಿ ಮುಚ್ಚುತ್ತವೆ.

ಇಂಜಿನ್ ನಿಂತು ಪಂಪಿನ ಎಣ್ಣೆ ಬಾರದಿದ್ದರೆ ಇದೇ ಗಾಲಿ ಕೈಪಂಪಾಗುತ್ತದೆ; ಟ್ಯಾಂಕಿಗೆ ಮರಳುವ ಪೈಪಿನಿಂದಲೇ ಎಣ್ಣೆ ಹೀರಿ ಸಿಲಿಂಡರಿಗೆ ತಳ್ಳುತ್ತದೆ. ಸ್ಟಿಯರಿಂಗ್ ಬಹಳ ಬಿಗಿಯಾಗುತ್ತದೆ, ಆದರೂ ಯಂತ್ರವನ್ನು ರಸ್ತೆಯ ಬದಿಗೆ ತರಲು ಸಾಲುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಚಕ್ರದ ಬ್ರೇಕನ್ನು ಬಿಡಿಸಿ ಹಿಡಿಯುವುದೂ ಎಣ್ಣೆಯ ಒತ್ತಡವೇ ಆದ್ದರಿಂದ ಒತ್ತಡ ಇಳಿದೊಡನೆ ಸ್ಪ್ರಿಂಗುಗಳು ಬ್ರೇಕ್ ಹಿಡಿಯುತ್ತವೆ. ನಿಜವಾದ ಅಪಾಯವಿರುವುದು ಸಿಲಿಂಡರಿಗೆ ಹೋಗುವ ಹೋಸ್ ಒಡೆದಾಗ. ಆಗ ಕೈಯಿಂದ ತಳ್ಳಿದ ಎಣ್ಣೆಯೂ ಹೊರಗೆ ಸುರಿಯುವುದರಿಂದ ಸ್ಟಿಯರಿಂಗ್ ಪೂರ್ತಿ ಹೋಗುತ್ತದೆ. ಉಜ್ಜಿ ಒಳಗಿನ ತಂತಿ ಕಾಣುತ್ತಿರುವ ಹೋಸನ್ನು ಇನ್ನೊಂದು ಹಂಗಾಮಿಗೆಂದು ಉಳಿಸಿಕೊಳ್ಳಬೇಡಿ. ಕೆಟ್ಟು ನಿಂತ ಯಂತ್ರವನ್ನು ಎಳೆದೊಯ್ಯುವ ಮೊದಲು ಎಣ್ಣೆಗೆ ಅಡ್ಡದಾರಿ ಕೊಡುವ ಬೈಪಾಸ್ ವಾಲ್ವ್ ತೆರೆದು, ಬ್ರೇಕ್ ಬಿಡಿಸುವುದೂ ಕಡ್ಡಾಯ. ಇಲ್ಲವಾದರೆ ಮೋಟಾರುಗಳೇ ಪಂಪುಗಳಾಗಿ ತಿರುಗಿ ಹಾಳಾಗುತ್ತವೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿಸಿ, ಏಕೆಂದರೆ ಒಳಗೆ ಸವೆದ ಮೋಟಾರೂ ಎಣ್ಣೆಯನ್ನು ಸುಮ್ಮನೆ ಬಿಟ್ಟುಕೊಟ್ಟು ಹೆಚ್ಚುಕಡಿಮೆ ಇದೇ ಲಕ್ಷಣ ತೋರಿಸುತ್ತದೆ. ಪ್ರತಿ ಮೋಟಾರಿನಿಂದ ಸೋರಿಕೆಯ ಎಣ್ಣೆಯನ್ನು ಟ್ಯಾಂಕಿಗೆ ಒಯ್ಯುವ ಒಂದು ಸಣ್ಣ ಪೈಪ್ ಇರುತ್ತದೆ. ತಿಳಿದ ಮೆಕ್ಯಾನಿಕ್ ಒಬ್ಬರಿಂದ, ಎಣ್ಣೆ ಬಿಸಿಯಾದ ಮೇಲೆ, ಒಂದೇ ರೀತಿಯ ಹೊರೆಯಲ್ಲಿ, ಆ ಪೈಪಿನಿಂದ ನಿಮಿಷಕ್ಕೆ ಎಷ್ಟು ಬರುತ್ತದೆಂದು ಒಂದೊಂದಾಗಿ ಅಳತೆಯ ಪಾತ್ರೆಗೆ ಹಿಡಿಸಿ ನೋಡಿ. ಬಿಚ್ಚಿದ ತುದಿಗಳಿಗೆ ಕೂಡಲೇ ಮುಚ್ಚಳ ಹಾಕಿಸಿ. ಈ ಮೋಟಾರುಗಳ ಒಳಸಂದುಗಳು ಕೆಲವೇ ಮೈಕ್ರಾನ್‌ಗಳಷ್ಟಿದ್ದು, ಹೊಲದ ಧೂಳು ಸಾಕು ಅವನ್ನು ಕೆರೆದು ಹಾಕಲು. ನಾಲ್ಕರಲ್ಲೂ ಸೋರಿಕೆ ಒಂದೇ ಮಟ್ಟದಲ್ಲಿದ್ದು, ತಯಾರಕರು ಕೊಟ್ಟ ಮಿತಿಯೊಳಗಿದ್ದರೆ ಡಿವೈಡರಿಗೆ ಹಣ ಹಾಕುವುದು ಸರಿ. ಒಂದರಲ್ಲಿ ಮಾತ್ರ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಮೋಟಾರಿನ ದುರಸ್ತಿಯ ಖರ್ಚನ್ನು ಕಳೆದು ಬೆಲೆ ಮಾತಾಡಿ.