ಶಾರ್ಲೆಟ್‌ಗೆ ಒಂದು ಕಾರು ಸಾಕಾ?

ನಮಸ್ಕಾರ. ನ್ಯೂಜೆರ್ಸಿಯಿಂದ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ಗೆ ಬರುತ್ತಿದ್ದೀರಿ, ಕೆಲಸ ಊರಿನ ನಡುಭಾಗವಾದ ಅಪ್‌ಟೌನ್‌ನಲ್ಲಿ. ಒಂದೇ ಕಾರು ಸಾಕಾ, ಬಂದ ಕೂಡಲೇ ಮನೆ ಕೊಳ್ಳಬಹುದಾ ಅಂತ ಕೇಳಿದ್ದೀರಿ.

ಬ್ಲೂ ಲೈನ್ ರೈಲಿನ ಹತ್ತಿರ ಮನೆ ಹಿಡಿದರೆ ಒಂದು ಕಾರು ಸಾಕು. 2007ರಲ್ಲಿ ಶುರುವಾದ ಲೈನ್ ಇದು, 2018ರಲ್ಲಿ ಯೂನಿವರ್ಸಿಟಿವರೆಗೂ ಬಂತು. ಆದರೆ ನಮ್ಮವರು ಮನೆಗಾಗಿ ಜಾಸ್ತಿ ನೋಡುವ, ಊರಿನ ದಕ್ಷಿಣ ತುದಿಯ ಬ್ಯಾಲಂಟೈನ್ ಕಡೆಗೆ ಅದು ಹೋಗುವುದಿಲ್ಲ. ಅಲ್ಲಾದರೆ ಎರಡು ಕಾರು ಬೇಕೇ ಬೇಕು.

ಮನೆ ವಿಷಯದಲ್ಲಿ ದಯವಿಟ್ಟು ಆತುರ ಬೇಡ. 2010ರಲ್ಲಿ ಇಲ್ಲಿದ್ದವರು ಸುಮಾರು 7.3 ಲಕ್ಷ ಜನ. 2020ರಲ್ಲಿ ಅದು 8.7 ಲಕ್ಷ ದಾಟಿತ್ತು. ಬೆಂಗಳೂರು ಕಂಡವರಿಗೆ ಇದು ಸಣ್ಣ ಲೆಕ್ಕ ಅನ್ನಿಸಬಹುದು, ಆದರೆ ಊರು ಬದಲಾಗುವ ವೇಗ ಕಣ್ಣಿಗೆ ಕಾಣುತ್ತದೆ. ಹಿತ್ತಲಿನಾಚೆ ಪೈನ್ ಮರಗಳಿವೆ ಅಂತಲೇ ನಾವು ಈ ಮನೆ ತೆಗೆದುಕೊಂಡೆವು. ಎರಡೇ ವರ್ಷದಲ್ಲಿ ಮರಗಳೆಲ್ಲ ಹೋಗಿ ಸಾಲುಮನೆಗಳು ಬಂದವು. ಬೆಳಿಗ್ಗೆ ಕೇಳುತ್ತಿದ್ದ ಹಕ್ಕಿಗಳ ಸದ್ದು ಈಗಲೂ ನೆನಪಾಗುತ್ತದೆ. ಪಕ್ಕದಲ್ಲಿ ಖಾಲಿ ಜಾಗ ಕಂಡರೆ ಅದು ಯಾವ ಬಳಕೆಗೆ ಅಂತ ನಗರದ ಜೋನಿಂಗ್ ನಕ್ಷೆಯಲ್ಲಿ ಮೊದಲು ನೋಡಿ.

ಒಂದು ವರ್ಷ ಬಾಡಿಗೆಗಿರಿ. ಬೆಳಿಗ್ಗೆ ಎಂಟಕ್ಕೆ ಐ-77 ಹೆದ್ದಾರಿಯಲ್ಲಿ ನೀವೇ ಒಮ್ಮೆ ಕಾರು ಓಡಿಸಿ ನೋಡಿ.

ಮಕ್ಕಳಿಗೆ ಅಲರ್ಜಿ ಇದೆಯಾ? ವಸಂತದಲ್ಲಿ ಪೈನ್ ಪರಾಗ ಕಾರಿನ ಮೇಲೆ ಅರಿಶಿನ ಚೆಲ್ಲಿದ ಹಾಗೆ ಕೂರುತ್ತದೆ. ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.