ಹೆಬ್ಬೆಟ್ಟು ಒತ್ತಿದರೂ ದುಡ್ಡು ಕೈಗೆ ಬರಲಿಲ್ಲ

ಪ್ರಶ್ನೆ: ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ನಾನು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತೇನೆ. ಗೃಹಲಕ್ಷ್ಮಿಯ 2000 ರೂಪಾಯಿ ತೆಗೆಯಲು ಅವ್ವ ಊರಿನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಳು. ‘ಫೇಲ್ ಆಯ್ತು’ ಅಂದರಂತೆ. ಆದರೆ ಖಾತೆಯಲ್ಲಿ ದುಡ್ಡು ಕಟ್ ಆಗಿದೆ. ಈಗ ಆ ಮಷೀನ್ ಕಂಡರೇ ಹೆದರುತ್ತಾಳೆ. ಬ್ಯಾಂಕಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಅವಳಿಗೆ ಹೇಗೆ ಧೈರ್ಯ ಹೇಳಲಿ?

ಉತ್ತರ: ಅವ್ವನ ಹೆದರಿಕೆ ತಪ್ಪಲ್ಲ. ಮೊದಲು ದುಡ್ಡು ವಾಪಸ್ ಬರಲಿ, ಧೈರ್ಯದ ಮಾತು ಆಮೇಲೆ. ಹೀಗೆ ಅರ್ಧಕ್ಕೆ ನಿಂತ ವ್ಯವಹಾರದ ದುಡ್ಡು 5 ದಿನದೊಳಗೆ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಇದು ರಿಸರ್ವ್ ಬ್ಯಾಂಕು 2019ರಲ್ಲಿ ಮಾಡಿದ ನಿಯಮ. ಪಾಸ್‌ಬುಕ್ ಎಂಟ್ರಿ ಹಾಕಿಸಿ. ದುಡ್ಡು ಮರಳಿಲ್ಲದಿದ್ದರೆ ಅವ್ವನ ಖಾತೆ ಇರುವ ಬ್ಯಾಂಕಿಗೇ ದೂರು ಬರೆದುಕೊಡಿ, ದೂರಿನ ನಂಬರ್ ಕೇಳಿ ಪಡೆಯಿರಿ. 30 ದಿನ ಕಳೆದರೂ ಉತ್ತರ ಬರಲಿಲ್ಲವೆಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ.

ಇನ್ನು ಆ ಮಷೀನ್ ವಿಷಯ. ತೊಗರಿ ರಾಶಿ ಹೊತ್ತಿನಲ್ಲಿ ಆಳಂದ ಕಡೆಯ ಒಂದು ಅಂಗಡಿಯಲ್ಲಿ ಕೂತಿದ್ದೆ. ಹೊಲದಿಂದ ಬಂದ ಅಜ್ಜಿಯ ಬೆರಳು ಒಡೆದು, ರೇಖೆಯೆಲ್ಲ ಸವೆದಿತ್ತು. ಸೆರಗಿಗೆ ಒರೆಸಿದಳು, ನೀರು ಹಚ್ಚಿದಳು. ‘ಇನ್ನೊಮ್ಮೆ ಇಡವ್ವಾ’ ಅಂತ ನಾಲ್ಕು ಸಲ ಒತ್ತಿಸಿದರು. ಯಾವ ಸಲ ದುಡ್ಡು ಕಟ್ ಆಯ್ತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ. ಸ್ಕ್ರೀನು ತಿರುಗಿದ್ದು ಅಂಗಡಿಯವರ ಕಡೆಗೆ, ದುಡ್ಡು ಮಾತ್ರ ಅಜ್ಜಿಯದು.

ಹಾಗಾಗಿ ಅವ್ವನಿಗೆ ಎರಡೇ ಮಾತು ಹೇಳಿ. ಒಮ್ಮೆ ಫೇಲ್ ಆದರೆ, ಖಾತೆಯಲ್ಲಿ ಎಷ್ಟಿದೆ ಅಂತ ನೋಡಿಸದೆ ದುಡ್ಡು ತೆಗೆಯಲು ಮತ್ತೆ ಬೆರಳು ಇಡುವುದು ಬೇಡ. ಫೇಲ್ ಆದರೂ ಚೀಟಿ ಕೇಳಿ ಪಡೆಯಬೇಕು, ದೂರಿಗೆ ಅದರಲ್ಲಿರುವ ನಂಬರೇ ಆಧಾರ. ಮೇಲೆ ಹತ್ತು, ಇಪ್ಪತ್ತು ಕೇಳಿದರೆ ಕೊಡಬೇಕಿಲ್ಲ. ಅಂಗಡಿಯವರು ಬ್ಯಾಂಕಿನ ಏಜೆಂಟರು, ಅವರಿಗೆ ಕಮಿಷನ್ ಬ್ಯಾಂಕು ಕೊಡುತ್ತದೆ.

ಅವ್ವ ಬೆರಳೇ ಇಡದೆ ದುಡ್ಡು ಹೋದರೆ ಅದು ಬೇರೆ ಮಾತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ 3 ಕೆಲಸದ ದಿನದೊಳಗೆ ತಿಳಿಸಿ.

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಅಂದರೆ ಲಾಕ್ ತೆಗೆಯುವ ತನಕ ಹೆಬ್ಬೆಟ್ಟು ಎಲ್ಲೂ ನಡೆಯದ ಹಾಗೆ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಒಳ್ಳೆಯದೇ. ಆದರೆ ರೇಷನ್ ಅಂಗಡಿಯಲ್ಲೂ ಅದೇ ಹೆಬ್ಬೆಟ್ಟು ಬೇಕಲ್ವಾ? ಪ್ರತಿ ಸಲ ಲಾಕ್ ತೆಗೆಯುವವರು ಮನೆಯಲ್ಲಿಲ್ಲದಿದ್ದರೆ ಅವಸರ ಬೇಡ.

ಹಬ್ಬಕ್ಕೆ ಊರಿಗೆ ಹೋದಾಗ ನೀವೇ ಅವ್ವನ ಜೊತೆ ಅಂಗಡಿಗೆ ಹೋಗಿ. ಬರೀ 100 ರೂಪಾಯಿ ತೆಗೆಸಿ. ಚೀಟಿಯಲ್ಲಿ ಉಳಿದ ದುಡ್ಡು ಎಲ್ಲಿ ಬರೆದಿದೆ ಅಂತ ಅವಳಿಗೆ ಬೆರಳಿಟ್ಟು ತೋರಿಸಿ.