ಕಾಗೆಬಂಗಾರವೋ, ಅಪ್ಪಟ ಬಂಗಾರವೋ? ಓದುಗರ ಕಲ್ಲುಗಳಿಗೆ ಉತ್ತರ

ಪ್ರಶ್ನೆ: ನಮ್ಮೂರ ಹಳ್ಳದ ಮರಳಿನಲ್ಲಿ ಹೊಂಬಣ್ಣದ ಚೂರುಗಳು ಮಿನುಗುತ್ತವೆ. ಅಲ್ಲೇ ಸಿಕ್ಕ ಬೆಣಚುಕಲ್ಲಿನೊಳಗೂ ಹಳದಿ ಕಾಳುಗಳಿವೆ. ಚಿನ್ನ ಇರಬಹುದೇ? ಕಾಯಿಸಿ ನೋಡಬಹುದೇ?
– ಬಂಗಾರಪೇಟೆಯ ಓದುಗರು

ಉತ್ತರ: ಮರಳಿನಲ್ಲಿರುವುದು ಹೆಚ್ಚಾಗಿ ಕಾಗೆಬಂಗಾರ, ಅಂದರೆ ಅಭ್ರಕ. ಕಪ್ಪು ಅಭ್ರಕ ಮಳೆ ಬಿಸಿಲಿಗೆ ಸವೆದಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಮೊದಲು ಚೂರನ್ನು ನೆರಳಿಗೆ ತಂದು ತಿರುಗಿಸಿ. ಅಭ್ರಕ ಒಂದು ಕೋನದಲ್ಲಿ ಫಳಕ್ಕೆಂದು ಹೊಳೆದು ಮರುಕ್ಷಣ ಮಂಕಾಗುತ್ತದೆ. ಚಿನ್ನದ ಹಳದಿ ನೆರಳಲ್ಲೂ ಹಾಗೇ ಇರುತ್ತದೆ. ಆಮೇಲೆ ಬಿಳಿ ತಟ್ಟೆಯ ಮೇಲಿಟ್ಟು ಸೂಜಿಮೊನೆಯಿಂದ ಒತ್ತಿ. ಅಭ್ರಕ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ, ಚಿನ್ನದಂತೆಯೇ ಹೊಳೆಯುವ ಕಬ್ಬಿಣ-ಗಂಧಕದ ಖನಿಜ ಪೈರೈಟ್ ಸಿಡಿದು ಪುಡಿಯಾಗುತ್ತದೆ, ಚಿನ್ನ ಮಾತ್ರ ಒಡೆಯದೆ ಮೆತ್ತಗೆ ಕುಳಿ ಬೀಳುತ್ತದೆ.

ಬೆಣಚುಕಲ್ಲಿನ ಕಾಳಿಗೆ ಚಾಕುವಿನ ಮೊನೆ ತಾಗಿಸಿ. ಗೀರು ಬೀಳದಿದ್ದರೆ ಪೈರೈಟ್. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ 6ರಿಂದ 6.5, ಸಾಮಾನ್ಯ ಚಾಕುವಿನದು ಸುಮಾರು 5.5. ಗೀರು ಬಿದ್ದು ಪುಡಿ ಹಸಿರುಗಪ್ಪಾಗಿದ್ದರೆ ತಾಮ್ರದ ಅದಿರಾದ ಚಾಲ್ಕೊಪೈರೈಟ್. ಚಿನ್ನದಲ್ಲಿ ಪುಡಿಯೇ ಬರುವುದಿಲ್ಲ.

ಕಾಯಿಸುವ ಸಾಹಸ ಬೇಡ. ಪೈರೈಟ್ ಸುಟ್ಟರೆ ಗಂಧಕದ ಘಾಟು ಹೊಗೆ ಬರುತ್ತದೆ. ಚಿನ್ನದ ಅದಿರಿನ ಜೊತೆ ಬೆರೆತಿರುವ ಆರ್ಸೆನೊಪೈರೈಟ್ ಇನ್ನೂ ಅಪಾಯ, ಅದರ ಹೊಗೆಯಲ್ಲಿ ಆರ್ಸೆನಿಕ್ ವಿಷವಿರುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನಲ್ಲಿ ಉಳಿದಿರುವ ಸಯನೈಡ್ ದಿಬ್ಬಗಳಿಂದಂತೂ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ಏನನ್ನೂ ಎತ್ತಿಕೊಂಡು ಬರಬೇಡಿ.

ಪ್ರಶ್ನೆ: ಹೊಲದಲ್ಲಿ ಸಿಕ್ಕ ಕರಿ ಕಲ್ಲು ಗಾತ್ರಕ್ಕೆ ಮೀರಿದ ಭಾರ. ಅಯಸ್ಕಾಂತವೂ ಅಂಟುತ್ತದೆ. ಉಲ್ಕೆ ಎನ್ನುತ್ತಾರೆ, ನಿಜವೇ?
– ಸಂಡೂರಿನ ಓದುಗರು

ಉತ್ತರ: ಸಂಡೂರು ಸೀಮೆಯಲ್ಲಿ ಭಾರದ ಕರಿ ಕಲ್ಲೆಂದರೆ ಮೊದಲ ಅನುಮಾನ ಕಬ್ಬಿಣದ ಅದಿರಿನ ಮೇಲೇ ಬರಬೇಕು. ಮೆರುಗಿಲ್ಲದ ಬಿಳಿ ಟೈಲ್ಸ್‌ನ ಹಿಂಬದಿಗೆ ಕಲ್ಲನ್ನು ಒತ್ತಿ ಎಳೆಯಿರಿ. ಗೆರೆ ಕಾವಿಗೆಂಪಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನಟೈಟ್, ಹಳದಿಗಂದಾದರೆ ಗೋಥೈಟ್; ಮೂರೂ ಕಬ್ಬಿಣದ ಅದಿರುಗಳೇ. ಕೈಗೇ ಮಸಿ ಮೆತ್ತಿಕೊಂಡರೆ ಮ್ಯಾಂಗನೀಸ್ ಅದಿರು ಇರಬಹುದು. ಗೋಡೆಗೆ ಹಾಕುವ ಅಗ್ಗದ ಟೈಲ್ಸ್ ಬೇಡ, ಮೆತ್ತಗಿರುವುದರಿಂದ ಅದರದೇ ಪುಡಿ ಉದುರಿ ಕಲ್ಲಿನ ಗೆರೆಯೇ ಬಿಳಿ ಎನಿಸುತ್ತದೆ. ವಿಟ್ರಿಫೈಡ್ ಟೈಲ್ಸ್‌ನ ಚೂರು ಸಾಕು.

ಭಾರವನ್ನು ಅಂದಾಜಿಗೆ ಬಿಡದೆ ಅಡುಗೆಮನೆ ತಕ್ಕಡಿಯಲ್ಲೇ ಅಳೆಯಬಹುದು. ಒಣ ಕಲ್ಲನ್ನು ತೂಗಿ, ಬರೆದಿಟ್ಟುಕೊಳ್ಳಿ. ನೀರಿನ ಮಗ್ಗನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ಪೂರ್ತಿ ಮುಳುಗುವಂತೆ ನೀರಿನಲ್ಲಿ ಇಳಿಬಿಡಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 312 ಗ್ರಾಂ ಕಲ್ಲಿಗೆ 61 ತೋರಿಸಿದರೆ ಸಾಂದ್ರತೆ 5.1, ಅದಿರು ಎನ್ನಲು ಅಡ್ಡಿಯಿಲ್ಲ. ಬೆಣಚುಕಲ್ಲಿನದು 2.65. ಕಲ್ಲು ಮಗ್ಗಿನ ತಳ ಮುಟ್ಟಿದರೆ ಲೆಕ್ಕ ಕೆಡುತ್ತದೆ, ಅದರ ಭಾರವೇ ತಕ್ಕಡಿಗೆ ಬಿದ್ದು ಉತ್ತರ 1ರ ಹತ್ತಿರ ಬರುತ್ತದೆ. ತೂತುಗಳಿದ್ದರೆ ಗಾಳಿಗುಳ್ಳೆ ನಿಲ್ಲುವವರೆಗೂ ಕಾಯಿರಿ.

ಕಲ್ಲಿನ ತುಂಬ ಗುಳ್ಳೆ ತೂತುಗಳಿದ್ದು ಗಾಜು ಕರಗಿ ಹರಿದಂತೆ ಕಂಡರೆ ಅದು ಹಳೇ ಕುಲುಮೆಯ ಕಿಟ್ಟ. ಉಲ್ಕೆ ಎಂದು ಜನ ತೋರಿಸುವವುಗಳಲ್ಲಿ ಇದರದೇ ಕಾಟ ಹೆಚ್ಚು. ಉಲ್ಕೆಗೆ ಸಾಮಾನ್ಯವಾಗಿ ಅಂಥ ಗುಳ್ಳೆಗಳಿರುವುದಿಲ್ಲ, ಮೇಲೆ ತೆಳ್ಳನೆಯ ಕರಿ ಸಿಪ್ಪೆ ಇರುತ್ತದೆ. ಒಂದು ಮೂಲೆಯನ್ನು ಉಪ್ಪುಕಾಗದದಿಂದ ಉಜ್ಜಿ ನೋಡಿ. ಬೆಳ್ಳಿಯಂಥ ಲೋಹದ ಚುಕ್ಕೆ ಕಾಣದಿದ್ದರೆ ಉಲ್ಕೆಯ ಆಸೆ ಬಿಡಬಹುದು. ಕಂಡರೆ ಭೂವಿಜ್ಞಾನ ವಿಭಾಗವಿರುವ ಕಾಲೇಜಿಗೆ ಒಯ್ಯಿರಿ.

ಪ್ರಶ್ನೆ: ತೊರೆಯಲ್ಲಿ ಸಿಗುವ ಕೆಂಪು ಹರಳು ಮಾಣಿಕ್ಯವೋ ಗಾರ್ನೆಟ್ಟೋ?
– ಎಚ್.ಡಿ. ಕೋಟೆಯ ಓದುಗರು

ಉತ್ತರ: ಬಣ್ಣ ನೋಡಬೇಡಿ, ಆಕಾರ ನೋಡಿ. ಗಾರ್ನೆಟ್ ಹಲವು ಮುಖಗಳ ಗುಂಡನೆಯ ಚೆಂಡು. ಮಾಣಿಕ್ಯ ಕುರಂದವೆಂಬ ಖನಿಜದ ಜಾತಿ, ಆರು ಬದಿಯ ಪುಟ್ಟ ಪೀಪಾಯಿಯ ಹಾಗಿರುತ್ತದೆ. ಸವೆದು ಆಕಾರ ಹೋಗಿದ್ದರೆ ಬೆಣಚುಕಲ್ಲಿನ ನಯವಾದ ಮುಖದ ಮೇಲೆ ಗೀರಿ ನೋಡಿ, ಕುರಂದದ ಗಡಸುತನ 9 ಆದ್ದರಿಂದ ಸಲೀಸಾಗಿ ಗೀರುತ್ತದೆ. ಗಾರ್ನೆಟ್ 6.5ರಿಂದ 7.5, ತಿಣುಕುತ್ತದೆ. ಮೈಸೂರು ಸೀಮೆಯ ಮಾಣಿಕ್ಯ ಬಹುಪಾಲು ಬೆಳಕು ದಾಟದ ಮಬ್ಬು ಕಲ್ಲು. ಒಡವೆಯ ಬೆಲೆ ಕಟ್ಟಿಕೊಳ್ಳಬೇಡಿ.

ಪ್ರಶ್ನೆ: ಸಂಗ್ರಹಕ್ಕೆ ಲಾಲ್‌ಬಾಗ್ ಬಂಡೆಯ ಚೂರು ತರಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಕೂಡದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳಿಗೂ ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಕ್ಕೂ ಅದೇ ಮಾತು. ಲಾಲ್‌ಬಾಗಿನದು ಪಟ್ಟೆಪಟ್ಟೆಯ ನೈಸ್ (gneiss) ಎಂಬ ಶಿಲೆ, ಬೆಂಗಳೂರಿನ ಸುತ್ತ ಇದಕ್ಕೆ ಬರವಿಲ್ಲ. ಮನೆ ಕಟ್ಟುವ ಕಡೆ ಸುರಿದ ಸೈಜುಗಲ್ಲಿನ ರಾಶಿಯಲ್ಲಿ ಹುಡುಕಿ, ಮೇಸ್ತ್ರಿಯನ್ನು ಕೇಳಿ, ಪಟ್ಟೆ ಚೆನ್ನಾಗಿರುವ ಒಂದನ್ನು ಆರಿಸಿಕೊಳ್ಳಿ.